‘ಹಿಡಿದುಕೊಂಡ ಕೇಬಲ್’: ಹಿಡಿದದ್ದು ಯಾರು, ಯಾರನ್ನು?

ಮಾನ್ಯರೇ,

ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗಾಗಿ ಕಾರಿನ ಬ್ರೇಕ್ ರಿಪೇರಿಯ ಕೆಲವು ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿಂದಿನ ಚಕ್ರದ ಕ್ಯಾಲಿಪರ್ (ಚಕ್ರದ ಡಿಸ್ಕನ್ನು ಎರಡು ಕಡೆಯಿಂದ ಪ್ಯಾಡುಗಳಿಂದ ಒತ್ತಿ ಹಿಡಿಯುವ ಭಾಗ) ಬದಲಿಸುವ ಪಾಠದಲ್ಲಿ, ಅದಕ್ಕೆ ಸಿಕ್ಕಿಸಿದ ಹ್ಯಾಂಡ್‌ಬ್ರೇಕ್ ಕೇಬಲನ್ನು ಬಿಡಿಸುವ ಭಾಗದ ತಲೆಬರಹದಲ್ಲೇ ಕೆಲಸ ನಿಂತಿದೆ. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು ಹಿಂದಕ್ಕೂ ಮುಂದಕ್ಕೂ ಸರಿಯದಂತಾದರೆ ಇಂಗ್ಲಿಷಿನಲ್ಲಿ ‘ಸೀಜ್ಡ್’ ಎನ್ನುತ್ತಾರೆ. ಯಂತ್ರಾನುವಾದಕ್ಕೆ ಕೊಟ್ಟು ನೋಡಿದಾಗ ‘ವಶಪಡಿಸಿಕೊಂಡ ಕೇಬಲನ್ನು ಮುಕ್ತಗೊಳಿಸುವುದು’ ಎಂದು ಬಂತು. ಓದಿದರೆ, ಸ್ಪ್ಯಾನರ್ ಬದಿಗಿಟ್ಟು ಕೇಬಲಿಗೆ ಜಾಮೀನು ಕೊಡಿಸಲು ವಕೀಲರನ್ನು ಹುಡುಕಬೇಕು ಅನ್ನಿಸುತ್ತದೆ.

ಯಂತ್ರವನ್ನು ಗೇಲಿ ಮಾಡುವುದು ಸುಲಭ. ಆದರೆ ನಮ್ಮ ಮಾತಿನಲ್ಲಿಯೂ ಈ ಎರಡು ಅರ್ಥಗಳು ಒಂದೇ ಎರವಲು ಪದದಲ್ಲಿ ಕುಳಿತಿವೆ. ‘ಪೊಲೀಸರು ಗಾಡಿ ಸೀಜ್ ಮಾಡಿದರು’ ಎಂದರೆ ಜಪ್ತಿ. ‘ಎಂಜಿನ್ ಸೀಜ್ ಆಯಿತು’ ಎಂದರೆ ಆಯಿಲ್ ಇಲ್ಲದೆ ಕಾದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಠಾಣೆಯನ್ನೂ ಗ್ಯಾರೇಜನ್ನೂ ಬೇರೆ ಮಾಡುವುದು ‘ಮಾಡು’, ‘ಆಗು’ ಎಂಬ ಎರಡು ಪುಟ್ಟ ಕ್ರಿಯಾಪದಗಳು. ‘ಗಾಡಿ ಸೀಜ್ ಆಗಿದೆ’ ಎಂದಾಗ ಮಾತ್ರ ‘ಯಾವ ಸೀಜ್?’ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. ಗ್ಯಾರೇಜಿನವರು ಈ ಪದವನ್ನು ಹೆಚ್ಚಾಗಿ ಎಂಜಿನ್ನಿಗೆ ಮೀಸಲಿಟ್ಟಂತೆ ನನಗೆ ಕಾಣುತ್ತದೆ. ಕೇಬಲಿಗೆ, ನಟ್ಟು ಬೋಲ್ಟಿಗೆ ‘ಜಾಮ್ ಆಗಿದೆ’, ‘ಹಿಡಿದುಕೊಂಡಿದೆ’ ಎನ್ನುವುದೇ ಹೆಚ್ಚು.

ಪದದ ಮಾತಿಗೆ ಮೊದಲು ವಸ್ತುವನ್ನು ಕೊಂಚ ಬಿಡಿಸಿ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಆ ಒಂದು ಪದ ಇಲ್ಲಿ ಮೂರು ಬೇರೆ ಬೇರೆ ತೊಂದರೆಗಳನ್ನು ಮುಚ್ಚಿಡುತ್ತದೆ. ಸೈಕಲ್ಲಿನ ಬ್ರೇಕ್ ವೈರ್ ಬದಲಿಸಿದವರಿಗೆ ಇದರ ರಚನೆ ಗೊತ್ತು. ಉಕ್ಕಿನ ತಂತಿಯನ್ನು ಸುರುಳಿ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೊದಿಸಿದ್ದು ಔಟರ್; ಅದರೊಳಗೆ ಸಣ್ಣ ಎಳೆಗಳನ್ನು ಹೊಸೆದು ಮಾಡಿದ್ದು ಇನ್ನರ್. 1896ರಲ್ಲಿ ಅರ್ನೆಸ್ಟ್ ಬೋಡನ್ ಪೇಟೆಂಟ್ ಪಡೆದ ಏರ್ಪಾಡು ಇದೇ. ಔಟರ್ ಎರಡೂ ತುದಿಗಳಲ್ಲಿ ಊರಿ ನಿಂತಿರಬೇಕು, ಇನ್ನರ್ ಅದರೊಳಗೆ ಸಲೀಸಾಗಿ ಜಾರಬೇಕು. ತುದಿಯ ರಬ್ಬರ್ ಬೂಟು ಹರಿದರೆ ನೀರು ಒಳಗೆ ಇಳಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಇನ್ನರ್ ಮತ್ತು ಔಟರ್ ನಡುವಿನ ಸಂದು ತುಂಬಿಹೋಗುತ್ತದೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಮಾಡುವ ಕೆಲಸವನ್ನು ನಮ್ಮ ಕರಾವಳಿಯಲ್ಲಿ ಮಳೆಯೂ ಉಪ್ಪುಗಾಳಿಯೂ ಸೇರಿ ಮಾಡುತ್ತವೆ.

ಇದು ಮೊದಲನೆಯ ತೊಂದರೆ. ಎರಡನೆಯದು, ಔಟರಿನ ಲೋಹದ ತುದಿ ಅದನ್ನು ಊರಿ ನಿಲ್ಲಿಸುವ ಬ್ರಾಕೆಟ್ಟಿನ ತೂತಿನಲ್ಲಿ ತುಕ್ಕಿನಿಂದ ಬೆಸೆದುಕೊಳ್ಳುವುದು. ಕ್ಲಿಪ್ ತೆಗೆದರೂ ಹೊರಗೆ ಬರುವುದಿಲ್ಲ. ಮೂರನೆಯದು ಕೇಬಲಿನದ್ದೇ ಅಲ್ಲ. ಕೇಬಲ್ ಎಳೆಯುವ ಪುಟ್ಟ ಲಿವರ್ ಕ್ಯಾಲಿಪರಿನಲ್ಲಿದೆಯಲ್ಲ, ಅದು ತಿರುಗದೆ ನಿಲ್ಲುವುದು. ಚಕ್ರದ ಬಳಿ ಕುಳಿತವನಿಗೆ ಇವೆಲ್ಲ ಒಂದೇ ತೆರನಾಗಿ ತೋರುತ್ತವೆ. ವಿಶೇಷವಾಗಿ ಮೊದಲನೆಯದಕ್ಕೂ ಮೂರನೆಯದಕ್ಕೂ ಲಕ್ಷಣ ಒಂದೇ: ಹ್ಯಾಂಡ್‌ಬ್ರೇಕ್ ಇಳಿಸಿದರೂ ಚಕ್ರ ಸಲೀಸಾಗಿ ತಿರುಗುವುದಿಲ್ಲ, ಓಡಿಸಿದರೆ ಡಿಸ್ಕ್ ಕಾದು ಪ್ಯಾಡ್ ಸುಟ್ಟ ವಾಸನೆ ಬರುತ್ತದೆ. ಭೇದ ತಿಳಿಯಬೇಕಾದರೆ ಕೇಬಲಿನ ತುದಿಯನ್ನು ಲಿವರಿನಿಂದ ಕಳಚಬೇಕು, ಲಿವರನ್ನು ಇಕ್ಕಳದಿಂದ ಸರಿಸಿ ಬಿಡಬೇಕು. ಸ್ಪ್ರಿಂಗು ಅದನ್ನು ಟಕ್ಕೆಂದು ಅದರ ಜಾಗಕ್ಕೆ ತಂದರೆ ದೋಷ ಕೇಬಲಿನದು. ಸರಿಸಿದಲ್ಲೇ ನಿಂತರೆ, ಅಥವಾ ಸರಿಯದೇ ಇದ್ದರೆ, ಕ್ಯಾಲಿಪರಿನದು. ಹೊಸ ಕ್ಯಾಲಿಪರ್ ಹಾಕಿದ ಮೇಲೂ ಚಕ್ರ ಕಾಯುತ್ತಿದೆ ಎಂದು ಗಿರಾಕಿ ಮರಳಿ ಬರುವುದು ಈ ಪರೀಕ್ಷೆ ಮಾಡದೆ ಇದ್ದಾಗ. ಆದ್ದರಿಂದ ಪಾಠದಲ್ಲಿ ಪದ ಸಡಿಲವಾದರೆ ಕೆಲಸವೂ ಕೆಡುತ್ತದೆ.

ಈಗ ‘ಹಿಡಿ’. ಈ ವಿಷಯದಲ್ಲಿ ಕನ್ನಡ ಬಹಳ ಚೊಕ್ಕವಾಗಿದೆ ಎಂಬುದು ನನ್ನ ಅಭಿಪ್ರಾಯ. ‘ಬ್ರೇಕ್ ಹಿಡಿಯಿತು’ ಎಂದರೆ ತನ್ನ ಕೆಲಸ ಮಾಡಿತು. ‘ಹಿಡಿಯಲಿಲ್ಲ’ ಎಂದರೆ ಗಾಡಿ ನಿಲ್ಲಲಿಲ್ಲ. ‘ಹಿಡಿದುಕೊಂಡಿದೆ’ ಎಂದರೆ ಬಿಡಬೇಕಾದಾಗ ಬಿಡುತ್ತಿಲ್ಲ. ಒಳ್ಳೆಯ ಬ್ರೇಕಿಗೂ ಕೆಟ್ಟ ಬ್ರೇಕಿಗೂ ನಡುವೆ ಇರುವುದು ಒಂದು ‘ಕೊಳ್ಳು’. ವ್ಯಾಕರಣದ ಪಾಠಗಳಲ್ಲಿ ಇದನ್ನು ತನಗಾಗಿ ಮಾಡಿಕೊಂಡ ಕೆಲಸಕ್ಕೆ ಹೇಳಿಕೊಡುತ್ತಾರೆ: ಬರೆದುಕೊಂಡಳು, ಉಟ್ಟುಕೊಂಡಳು. ಇಲ್ಲಿ ಹಾಗಲ್ಲ. ಬಾಗಿಲು ಹಾಕಿಕೊಂಡಿತು, ಬೆಂಕಿ ಹತ್ತಿಕೊಂಡಿತು ಎಂಬಲ್ಲಿರುವಂತೆ, ಯಾರೂ ಮಾಡದೆ ತಾನಾಗಿ ಆದದ್ದು. ಬಗ್ಗಿ ಎದ್ದವರು ‘ಸೊಂಟ ಹಿಡಿದುಕೊಂಡಿದೆ’ ಎನ್ನುವಾಗಲೂ ಇದೇ ‘ಕೊಳ್ಳು’. ಇಷ್ಟು ಒಳ್ಳೆಯ ಮಾತು ಕೈಯಲ್ಲಿರುವಾಗ ‘ಸ್ತಂಭಿತ ಕೇಬಲ್’ ಎಂದು ಬರೆಯಲು ನನಗೆ ಮನಸ್ಸಿಲ್ಲ. ಸ್ತಂಭನ ಸದನದ ಕಲಾಪಕ್ಕೆ ಇರಲಿ.

ತೊಡಕು ಎಲ್ಲಿ ಬರುತ್ತದೆಂದರೆ, ‘ಕೇಬಲ್ ಹಿಡಿದುಕೊಂಡಿದೆ’ ಎಂಬುದನ್ನು ‘ಹಿಡಿದುಕೊಂಡ ಕೇಬಲ್’ ಎಂದು ತಿರುಗಿಸಿದ ಕೂಡಲೇ ಅದು ಯಾರದೋ ಕೈಯಲ್ಲಿರುವ ಕೇಬಲ್ ಆಗಿಬಿಡುತ್ತದೆ. ನಾಮಪದಕ್ಕೆ ಮೊದಲು ಬರುವ ಈ ಕೃದಂತ ರೂಪ ಕರ್ತೃ ಯಾರು, ಕರ್ಮ ಯಾವುದು ಎಂದು ತಾನಾಗಿ ಹೇಳುವುದಿಲ್ಲ. ‘ಕಚ್ಚಿದ ನಾಯಿ’ ಎಂದಾಗ ಕಚ್ಚಿದ್ದು ನಾಯಿ. ‘ಕಚ್ಚಿದ ಹಣ್ಣು’ ಎಂದಾಗ ಹಣ್ಣನ್ನು ಯಾರೋ ಕಚ್ಚಿದ್ದು. ನಾಯಿಯ ಗುಣ, ಹಣ್ಣಿನ ಗುಣ ನಮಗೆ ಗೊತ್ತಿರುವುದರಿಂದ ಗೊಂದಲವಾಗುವುದಿಲ್ಲ. ಕೇಬಲ್ ಹಾಗಲ್ಲ, ಎರಡೂ ಕಡೆ ಸಲ್ಲುತ್ತದೆ. ‘ಹಿಡಿದುಕೊಂಡ ಕೇಬಲನ್ನು ಬಿಡಿ’ ಎಂದು ಬರೆದರೆ ಹುಡುಗ ಕೈಯಲ್ಲಿರುವುದನ್ನು ಕೆಳಗೆ ಬಿಡುತ್ತಾನೆ, ತಪ್ಪು ಅವನದಲ್ಲ. ‘ಹಿಡಿದುಕೊಂಡ ಸೊಂಟ’ ಎಂದು ಯಾರೂ ಹೇಳದಿರುವುದಕ್ಕೂ ಇದೇ ಕಾರಣವೇ? ವ್ಯಾಕರಣ ಬಲ್ಲವರು ಇದನ್ನು ದಯವಿಟ್ಟು ಬಿಡಿಸಿ ಹೇಳಬೇಕು. ನನ್ನ ಮೊದಲ ಪ್ರಶ್ನೆ ಇದೇ.

ವಿಶೇಷಣವಾಗಿ ನಿಲ್ಲಬಲ್ಲ ಬೇರೆ ಪದಗಳನ್ನು ನೋಡಿದ್ದೇನೆ. ‘ಬಿಗಿಯಾದ ಕೇಬಲ್’ ಅಪಾಯಕಾರಿ. ಬಿಗಿ ಎಂದರೆ ಅಡ್ಜಸ್ಟರ್ ನಟ್ಟಿನಲ್ಲಿ ಹೆಚ್ಚು ಎಳೆದದ್ದು ಎಂದು ತಿಳಿದು ಹುಡುಗ ನಟ್ಟು ಸಡಿಲಿಸಿ ಸುಮ್ಮನಾಗುತ್ತಾನೆ. ‘ಸಿಕ್ಕಿಕೊಂಡ’ ಎಂದರೆ ಎಲ್ಲೋ ತಗುಲಿದೆ ಎಂಬ ಅರ್ಥ ಬರುತ್ತದೆ. ‘ಅಂಟಿಕೊಂಡ’ ಎಂಬುದನ್ನು ನಾನು ಮುಟ್ಟುವುದಿಲ್ಲ; ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕೆಲವು ದಿನ ನಿಲ್ಲಿಸಿದ ಕಾರಿನ ಹಿಂಚಕ್ರದಲ್ಲಿ ಬ್ರೇಕ್ ಶೂ ಡ್ರಮ್ಮಿಗೆ ಅಂಟುತ್ತದೆ, ಆ ಪದ ಅಲ್ಲಿಗೆ ಬೇಕು. ‘ಜಡ್ಡುಗಟ್ಟಿದ’ ಎಂಬುದು ಕಿವಿಗೆ ಹಿತವಾಗಿದೆ, ಆದರೆ ಪತ್ರಿಕೆಗಳು ಅದನ್ನು ಆಡಳಿತಕ್ಕೆ ಬರೆದುಕೊಟ್ಟಾಗಿದೆ. ‘ಜಾಮ್ ಆದ ಕೇಬಲ್’ ಎಲ್ಲರಿಗೂ ತಿಳಿಯುತ್ತದೆ, ತಕರಾರಿಲ್ಲ. ಉಳಿದದ್ದು ‘ಕಚ್ಚಿಕೊಂಡ’. ತುಕ್ಕಿಗೆ ಇದು ಸರಿಹೊಂದುತ್ತದೆ, ಏಕೆಂದರೆ ಎರಡು ಲೋಹಗಳು ಒಂದನ್ನೊಂದು ಬಿಡದಿರುವ ಚಿತ್ರ ಅದರಲ್ಲಿದೆ. ಆದರೆ ಬ್ರಾಕೆಟ್ಟಿನಲ್ಲಿ ಕಚ್ಚಿಕೊಂಡದ್ದಕ್ಕೂ ಔಟರಿನೊಳಗೆ ಕಚ್ಚಿಕೊಂಡದ್ದಕ್ಕೂ ಇದೊಂದೇ ಸಾಕೇ? ಸದ್ಯ ಬ್ರಾಕೆಟ್ಟಿಗೆ ‘ಕಚ್ಚಿಕೊಂಡ’, ಒಳಗಿನದಕ್ಕೆ ‘ಜಾಮ್ ಆದ’, ಲಿವರಿಗೆ ‘ತಿರುಗದ’ ಎಂದು ಹಂಚಿದ್ದೇನೆ. ಇದು ಕೃತಕ ಅನ್ನಿಸಿದರೆ ಹೇಳಿ.

ಬಿಡುಗಡೆಯ ಕಡೆಗೆ ಬಂದರೆ ಕನ್ನಡಕ್ಕೆ ಬಡತನವಿಲ್ಲ. ಚಕ್ರಗಳಿಗೆ ಅಡ್ಡ ಕೊಟ್ಟು, ಹ್ಯಾಂಡ್‌ಬ್ರೇಕ್ ಇಳಿಸಿ, ಮೊದಲು ಅಡ್ಜಸ್ಟರ್ ನಟ್ಟನ್ನು ‘ಸಡಿಲಿಸಬೇಕು’. ಆಮೇಲೆ ಕೇಬಲಿನ ತುದಿಯ ಗುಂಡನ್ನು ಲಿವರಿನಿಂದ ‘ಕಳಚಬೇಕು’. ಕ್ಲಿಪ್ ‘ತೆಗೆಯಬೇಕು’. ಔಟರಿನ ತುದಿಯನ್ನು ಬ್ರಾಕೆಟ್ಟಿನಿಂದ ‘ಬಿಡಿಸಬೇಕು’: ತುಕ್ಕು ಕರಗಿಸುವ ಎಣ್ಣೆ ಹಾಕಿ, ನೆನೆಯಲು ಬಿಟ್ಟು, ಇಕ್ಕಳದಿಂದ ಎಡಕ್ಕೂ ಬಲಕ್ಕೂ ತುಸು ತುಸುವೇ ತಿರುಗಿಸುತ್ತ ಬಂದರೆ ಕೆಂಪು ಪುಡಿ ಉದುರಲು ಶುರುವಾಗುತ್ತದೆ, ಆಗ ಅದು ಬರುವ ಲಕ್ಷಣ. ಎಣ್ಣೆ ಡಿಸ್ಕಿಗೂ ಪ್ಯಾಡಿಗೂ ತಾಗಬಾರದು. ಬೆಂಕಿ ತೋರಿಸಲೇಬಾರದು, ಪಕ್ಕದಲ್ಲೇ ಬ್ರೇಕ್ ಆಯಿಲಿನ ಹೋಸ್ ಮತ್ತು ರಬ್ಬರ್ ಸೀಲುಗಳಿವೆ. ಇನ್ನರ್ ಔಟರಿನೊಳಗೆ ಜಾಮ್ ಆಗಿದ್ದರೆ ಎಣ್ಣೆ ಇಳಿಸಿ ಎಳೆದಾಡಿ ಸಡಿಲ ಮಾಡಬಹುದು. ಆದರೆ ಎಳೆ ಕಿತ್ತಿದ್ದರೆ, ಔಟರಿನ ಪ್ಲಾಸ್ಟಿಕ್ ಸೀಳಿದ್ದರೆ, ಅದನ್ನು ಬಿಡಿಸುವುದಕ್ಕಿಂತ ಬದಲಿಸುವುದೇ ಸರಿ. ಬಿಡಿಸಿದರೂ ಮುಂದಿನ ಮಳೆಗೆ ಮತ್ತೆ ಹಿಡಿದುಕೊಳ್ಳುತ್ತದೆ. ಈ ‘ಬಿಡಿಸು’ ಎಂಬುದು ‘ಹಿಡಿ’ಗೆ ಸರಿಜೋಡಿ. ‘ಮುಕ್ತಗೊಳಿಸು’ ಎಂಬ ಪದವನ್ನು ಪಾಠದಿಂದ ಪೂರ್ತಿ ಕಿತ್ತುಹಾಕಿದ್ದೇನೆ.

ಕ್ಯಾಲಿಪರನ್ನು ಕ್ಯಾಲಿಪರ್ ಎಂದೇ ಉಳಿಸಿದ್ದೇನೆ. ‘ಬ್ರೇಕ್ ಇಕ್ಕಳ’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಡಿಸ್ಕನ್ನು ಎರಡು ಕಡೆಯಿಂದ ಹಿಡಿಯುವುದರಿಂದ ಪದ ತಪ್ಪಲ್ಲ, ಆದರೆ ನಿಜವಾದ ಇಕ್ಕಳ ಅದೇ ಮೇಜಿನ ಮೇಲಿರುವಾಗ ‘ಇಕ್ಕಳದಿಂದ ಇಕ್ಕಳವನ್ನು’ ಎಂದು ಬರೆಯಬೇಕಾಗುತ್ತದೆ.

ಕೊನೆಗೆ ಉಳಿದದ್ದು ತಲೆಬರಹ. ‘ಹ್ಯಾಂಡ್‌ಬ್ರೇಕ್ ಕೇಬಲ್ ಹಿಡಿದುಕೊಂಡಿದ್ದರೆ ಬಿಡಿಸುವುದು’ ಎಂದು ವಾಕ್ಯವನ್ನೇ ಇಟ್ಟರೆ ತೊಡಕೆಲ್ಲ ಹೋಗುತ್ತದೆ. ನನ್ನ ಒಲವು ಇದರ ಕಡೆಗೇ, ತುಸು ಉದ್ದವಾದರೂ ಚಿಂತೆಯಿಲ್ಲ. ಆದರೆ ಪರಿವಿಡಿಯಲ್ಲಿ ಎಲ್ಲ ತಲೆಬರಹಗಳೂ ನಾಮಪದದಲ್ಲಿರಬೇಕು ಎಂದು ಪುಟ ಜೋಡಿಸುವವರು ಪಟ್ಟು ಹಿಡಿದಿದ್ದಾರೆ. ಇನ್ನೊಂದು ಮಾತು: ಹ್ಯಾಂಡ್‌ಬ್ರೇಕ್ ಸೇರಿಯೇ ಇರುವ ಕ್ಯಾಲಿಪರಿನಲ್ಲಿ ಹೊಸ ಪ್ಯಾಡ್ ಹಾಕುವಾಗ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನನ್ನು ಬರಿದೇ ಒತ್ತಿದರೆ ಸಾಮಾನ್ಯವಾಗಿ ಒಳಗೆ ಹೋಗುವುದಿಲ್ಲ, ಒತ್ತುತ್ತಲೇ ತಿರುಗಿಸಬೇಕು. ಅದಕ್ಕೆಂದೇ ಒಂದು ಉಪಕರಣವಿದೆ. ಉತ್ತರ ಕರ್ನಾಟಕದ ಅಥವಾ ಕರಾವಳಿಯ ಗ್ಯಾರೇಜುಗಳಲ್ಲಿ ಅದಕ್ಕೆ ಕರೆಯುವ ಹೆಸರು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ. ‘ಪಿಸ್ಟನ್ ತಿರುಗಿಸುವ ಸಾಧನ’ ಎಂದು ಬರೆದಿದ್ದೇನೆ, ಅದು ಸದ್ಯಕ್ಕೆ ಮಾತ್ರ.