ಪುಟ್ಟಿಗೆ ಹೇಳು, ಪದ್ಯ ಮೊದಲು, ಗೈಡ್ ಆಮೇಲೆ

ತಂಗೀ, ನಿನ್ನ ಮೆಸೇಜ್ ಈಗಷ್ಟೇ ನೋಡಿದೆ. ಟೈಪ್ ಮಾಡಿದರೆ ಬೆರಳು ನೋಯುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗಬಹುದು. ಅರ್ಧಕ್ಕೆ ನಿಲ್ಲಿಸಬೇಡ. ಪುಟ್ಟಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳು.

"ಇಂಗ್ಲಿಷ್ ಸಾಹಿತ್ಯ ಚರಿತ್ರೆ ಪೇಪರ್ ನೋಡಿ ಮಗು ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. 1300 ವರ್ಷದ ಸಾಹಿತ್ಯ ಒಂದೇ ವರ್ಷದಲ್ಲಿ ಹೇಗೆ ಮುಗಿಸಲಿ ಅಂತಾಳೆ. ಬೇರೆ ವಿಷಯಕ್ಕೆ ಬದಲಾಯಿಸಿಬಿಡಲಾ ಅಕ್ಕಾ" ಅಂತ ಕೇಳಿದ್ದೀಯ. ಜೊತೆಗೆ ಅವಳು ತಂದಿಟ್ಟುಕೊಂಡ ಗೈಡಿನ ಫೋಟೋ ಹಾಕಿದ್ದೀಯ. ಆ ಫೋಟೋ ನೋಡಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಒಂದೊಂದು ಯುಗಕ್ಕೆ ಒಂದೊಂದು ಬಣ್ಣ, ಯುಗದ ಕೆಳಗೆ ಆರು ಲಕ್ಷಣ, ಲಕ್ಷಣದ ಕೆಳಗೆ ನಾಲ್ಕು ಹೆಸರು. ಅಂಥದ್ದೇ ಒಂದು ನನ್ನ ಹತ್ತಿರವೂ ಇತ್ತು ಕಣೇ.

ಪುಟ್ಟೀ, ಮೊದಲು ಇದನ್ನು ಕೇಳಿಸಿಕೋ. ಒಂದು ಪದ್ಯವನ್ನೂ ಓದದೆ ಗೈಡಿಗೆ ಕೈ ಹಾಕಬೇಡ. ಆಮೇಲೆ ಏನು ಬೇಕಾದರೂ ಮಾಡು.

ನಾನು ಎಂ.ಎ. ಒಂದು ವರ್ಷ ತಡವಾಗಿ ಮುಗಿಸಿದ್ದು ನಿಮಗೆಲ್ಲ ಗೊತ್ತೇ ಇದೆ. ನನಗೆ ಜ್ವರ ಬಂದಿತ್ತು ಅಂತ ಅಮ್ಮ ಎಲ್ಲರಿಗೂ ಹೇಳಿದಳು. ಜ್ವರ ಬಂದಿರಲಿಲ್ಲ. ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ನಾನು ಫೇಲಾಗಿದ್ದೆ. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಈ ಮಗು ಅಳುತ್ತಿದೆ ಅಂದಮೇಲೆ ಮುಚ್ಚಿಟ್ಟು ಏನು ಮಾಡಲಿ.

ಆ ವರ್ಷ ನಾನು ಓದಿರಲಿಲ್ಲ ಅಂತಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದುತ್ತಿದ್ದೆ. 1066ಕ್ಕೆ ನಾರ್ಮನ್ನರು ಬಂದರು, 1400ಕ್ಕೆ ಕವಿ ಚಾಸರ್ ತೀರಿಕೊಂಡ, 1476ಕ್ಕೆ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ಇಟ್ಟ, 1642ಕ್ಕೆ ಲಂಡನ್ನಿನ ನಾಟಕಶಾಲೆಗಳಿಗೆ ಬೀಗ ಬಿತ್ತು, 1660ಕ್ಕೆ ದೇಶ ಬಿಟ್ಟಿದ್ದ ರಾಜ ವಾಪಸ್ ಬಂದ, ಬೀಗ ತೆಗೆದರು. ಎಲ್ಲ ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದೆ. ಚಿಕ್ಕಪ್ಪ ಒಮ್ಮೆ ಹಾಗೇ ಎಬ್ಬಿಸಿ ಕೇಳಿಯೂ ಇದ್ದರು.

ವೈವಾದ ದಿನ ಮೂರು ಜನ ಕೂತಿದ್ದರು. ನಡುವೆ ಕೂತವರು ಒಂದು ಹಾಳೆ ಮುಂದಿಟ್ಟರು. ಅದರ ಮೇಲೆ ಒಂದು ಪದ್ಯ. ಕವಿಯ ಹೆಸರಿಲ್ಲ, ಇಸವಿ ಇಲ್ಲ. "ಓದಿ, ಇದು ಯಾವ ಕಾಲದ್ದು ಅನ್ನಿಸುತ್ತದೆ ಹೇಳಿ" ಅಂದರು. ಓದಿದೆ. ಒಂದು ಚಿಗಟದ ವಿಷಯ. ಅದು ಅವನನ್ನೂ ಕಚ್ಚಿದೆ, ಅವನು ಇಷ್ಟಪಟ್ಟವಳನ್ನೂ ಕಚ್ಚಿದೆ. ಇಬ್ಬರ ರಕ್ತವೂ ಅದರ ಹೊಟ್ಟೆಯಲ್ಲಿ ಸೇರಿದೆ, ಅಂದಮೇಲೆ ನಮ್ಮ ಮದುವೆ ಆದಹಾಗೇ ಆಯಿತು, ಅದನ್ನು ಕೊಲ್ಲಬೇಡ ಅಂತ ಅವನು ವಾದ ಹೂಡುತ್ತಾನೆ. ನನಗೆ ತಲೆ ಖಾಲಿ ಆಯಿತು. ಪ್ರೀತಿ ಇದೆ, ಪ್ರಾಣಿ ಇದೆ, ಪ್ರಕೃತಿ ಅಂದರೆ ರೊಮ್ಯಾಂಟಿಕ್ ಅಂತ ಗೈಡಿನಲ್ಲಿ ಓದಿದ್ದೆ. "ರೊಮ್ಯಾಂಟಿಕ್ ಯುಗ ಸಾರ್, 1798ರ ನಂತರದ್ದು" ಅಂದುಬಿಟ್ಟೆ.

ಅದು ಜಾನ್ ಡನ್ ಬರೆದ 'ದಿ ಫ್ಲೀ'. ನಾನು ಹೇಳಿದ ಕಾಲಕ್ಕಿಂತ 150 ವರ್ಷಕ್ಕೂ ಹಿಂದಿನದು. ಡನ್ ತೀರಿಕೊಂಡದ್ದೇ 1631ರಲ್ಲಿ.

ನನ್ನ ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ಅವನ ಬಗ್ಗೆ ನನಗೆ ಎರಡು ಪುಟ ಬಾಯಿಗೆ ಬರುತ್ತಿತ್ತು. ಅವನನ್ನು ಸೇರಿಸುವ ಗುಂಪಿಗೆ ಮೆಟಾಫಿಸಿಕಲ್ ಕವಿಗಳು ಅಂತ ಹೆಸರು, ಅವರ ಆರು ಲಕ್ಷಣ ಗೊತ್ತಿತ್ತು. 'ಕನ್ಸೀಟ್' ಅಂದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ವಸ್ತುಗಳನ್ನು ತಂದು ಹೋಲಿಸುವುದು ಅಂತ ನೂರು ಸಲ ಬರೆದಿದ್ದೆ. ಆದರೆ ಒಂದು ಚಿಗಟವನ್ನು ಅವನು ಮದುವೆ ಮಂಚ ಮಾಡಿ, ದೇವಸ್ಥಾನ ಮಾಡಿ ಕಣ್ಣ ಮುಂದೆ ಇಟ್ಟಾಗ, ಇದೇ ಅದು ಅಂತ ನನಗೆ ಗುರುತು ಸಿಗಲಿಲ್ಲ. ಜಾತಕ ಪೂರ್ತಿ ಗೊತ್ತು, ಮನುಷ್ಯ ಎದುರಿಗೆ ಬಂದರೆ ಯಾರು ಅಂತ ಕೇಳಿದಹಾಗೆ.

ಅವರು ಅಲ್ಲಿಗೇ ಬಿಡಲಿಲ್ಲ. "ಹೋಗಲಿ, ಡನ್‌ಗೆ ತಾನು ಮೆಟಾಫಿಸಿಕಲ್ ಕವಿ ಅಂತ ಗೊತ್ತಿತ್ತಾ?" ಅಂದರು. ಗೊತ್ತಿತ್ತು ಸಾರ್, ಗೆಳೆಯರ ಜೊತೆ ಸೇರಿ ಆ ಪಂಥ ಶುರು ಮಾಡಿದ ಅಂದೆ. ಗೈಡಿನಲ್ಲಿ ಹಾಗಂತ ಬರೆದಿರಲೂ ಇಲ್ಲ, ನಾನೇ ಊಹಿಸಿಕೊಂಡಿದ್ದೆ. ನಿಜ ಏನೆಂದರೆ ಅವನ ಪದ್ಯಗಳ ಪುಸ್ತಕ ಅಚ್ಚಾದದ್ದೇ ಅವನು ಸತ್ತು ಎರಡು ವರ್ಷ ಆದಮೇಲೆ, 1633ರಲ್ಲಿ. ಆ ಹೆಸರು ಗಟ್ಟಿಯಾಗಿ ಅಂಟಿದ್ದು ವಿಮರ್ಶಕ ಡಾಕ್ಟರ್ ಜಾನ್ಸನ್‌ನಿಂದ. ಅವನು ಕೌಲಿ ಎಂಬ ಕವಿಯ ಬಗ್ಗೆ ಬರೆದ ಲೇಖನದಲ್ಲಿ, 1779ರಲ್ಲಿ. ಅದೂ ಹೊಗಳಿ ಇಟ್ಟ ಹೆಸರಲ್ಲ. ಇವರು ಬೇಡದ ವಸ್ತುಗಳನ್ನು ಬಲವಂತಕ್ಕೆ ಒಟ್ಟಿಗೆ ನೊಗಕ್ಕೆ ಕಟ್ಟುತ್ತಾರೆ ಅಂತ ಅವನಿಗೆ ಬೇಸರ. ವರ್ಡ್ಸ್‌ವರ್ತ್ ಕೂಡ ತನ್ನನ್ನು ರೊಮ್ಯಾಂಟಿಕ್ ಕವಿ ಅಂತ ಕರೆದುಕೊಳ್ಳಲಿಲ್ಲ. ಅದೂ ಹಿಂದಿನಿಂದ ಬಂದವರು ಅಂಟಿಸಿದ್ದು. ಇದು ನನಗೆ ಗೊತ್ತಾದದ್ದು ಫೇಲಾದ ಮೇಲೆ, ಇಡೀ ಒಂದು ವರ್ಷ ಮೂಲ ಪದ್ಯಗಳನ್ನೇ ಹಿಡಿದು ಕೂತಾಗ.

ಆ ವರ್ಷ ಗೈಡಿನ ಯುಗಗಳ ಡಬ್ಬಿಗಳೆಲ್ಲ ಒಂದೊಂದಾಗಿ ಸೋರತೊಡಗಿದವು. ಮಿಲ್ಟನ್‌ನನ್ನು ನಾನು 1660ಕ್ಕಿಂತ ಹಿಂದೆ, ಪ್ಯೂರಿಟನ್ ಯುಗ ಅಂತ ಕಟ್ಟಿ ಇಟ್ಟಿದ್ದೆ. 'ಪ್ಯಾರಡೈಸ್ ಲಾಸ್ಟ್' ಅಚ್ಚಾದದ್ದು 1667ರಲ್ಲಿ! ಅವನ ಕಡೆಯವರು, ಅಂದರೆ ರಾಜನ ವಿರುದ್ಧ ನಿಂತ ಪ್ಯೂರಿಟನ್ನರು, ಸೋತು, ರಾಜ ವಾಪಸ್ ಬಂದು ಏಳು ವರ್ಷ ಆಗಿತ್ತು. ಅವನಿಗೆ ಎರಡೂ ಕಣ್ಣು ಹೋಗಿತ್ತು. ಸಾಲುಗಳನ್ನು ಮನಸ್ಸಿನಲ್ಲೇ ಕಟ್ಟಿ, ಬೇರೆಯವರ ಕೈಯಲ್ಲಿ ಬರೆಸಿದ. ಹತ್ತು ಸಾವಿರಕ್ಕೂ ಜಾಸ್ತಿ ಸಾಲು. ಪ್ರಕಾಶಕ ಮುಂಗಡ ಕೊಟ್ಟದ್ದು ಐದು ಪೌಂಡ್. ಊರೆಲ್ಲ ನಗೆನಾಟಕ ನೋಡುತ್ತಿದ್ದ ಕಾಲದಲ್ಲಿ ಆ ಕುರುಡ ಮುದುಕ ಸ್ವರ್ಗ ಕಳೆದುಕೊಂಡ ಕಥೆ ಬರೆಸುತ್ತಿದ್ದ. ಅದನ್ನು ಗೊತ್ತು ಮಾಡಿಕೊಂಡು ಮೊದಲ ಸಾಲುಗಳನ್ನು ಓದಿ ನೋಡು ಪುಟ್ಟೀ, ಮೈ ಜುಮ್ಮೆನ್ನುತ್ತದೆ. ಕವಿ ಹಾಪ್ಕಿನ್ಸ್‌ನನ್ನು ಯಾವ ಡಬ್ಬಿಗೆ ಹಾಕುತ್ತೀಯ? ತೀರಿಕೊಂಡದ್ದು 1889, ವಿಕ್ಟೋರಿಯಾ ರಾಣಿ ಇನ್ನೂ ಇದ್ದಳು. ಪದ್ಯಗಳ ಪುಸ್ತಕವನ್ನು ಗೆಳೆಯ ಬ್ರಿಡ್ಜಸ್ ಅಚ್ಚು ಹಾಕಿಸಿದ್ದು 1918ರಲ್ಲಿ. ಬದುಕಿದ್ದು ಒಂದು ಯುಗದಲ್ಲಿ, ಜನ ಓದಿದ್ದು ಇನ್ನೊಂದರಲ್ಲಿ.

ನೀನು ಚಿಕ್ಕವಳಿದ್ದಾಗ 'ನೈಟ್' (ರಾತ್ರಿ ಅಲ್ಲ, ಕುದುರೆ ಏರುವ ವೀರ) ಎಂಬ ಪದಕ್ಕೆ ಮುಂದೆ ಸುಮ್ನೆ ಒಂದು 'ಕೆ' ಯಾಕೆ ಬರೆಯಬೇಕು ಅಂತ ಸ್ಲೇಟು ಎಸೆದು ಅತ್ತಿದ್ದೆ, ನೆನಪಿದೆಯಾ? ನಿನ್ನ ಅಮ್ಮನಿಗೆ ನೆನಪಿರುತ್ತದೆ. ಚಾಸರ್‌ನ ಕಾಲದಲ್ಲಿ ಆ 'ಕೆ' ಬಾಯಲ್ಲಿ ಕೇಳಿಸುತ್ತಿತ್ತು. ಅಚ್ಚುಕೂಟ ಬಂದು ಕಾಗುಣಿತ ಗಟ್ಟಿಯಾಗುತ್ತಾ ಹೋಯಿತು, ನಾಲಿಗೆ ಮಾತ್ರ ಬದಲಾಗುತ್ತಲೇ ಇತ್ತು. ಚರಿತ್ರೆ ಅಂದರೆ ನಿನ್ನ ಆ ಅಳುವಿಗೆ ಉತ್ತರ. ಅದನ್ನು ಯಾವ ಬಣ್ಣದ ಡಬ್ಬಿಯೂ ನಿನಗೆ ಹೇಳುವುದಿಲ್ಲ.

ಇನ್ನೊಂದು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಪದ್ಯ ಓದದೆ ಗೈಡ್ ಓದಬೇಡ. ನನಗೆ ಆದದ್ದು ನಿನಗೆ ಆಗಬಾರದು. ಮೂರು ಜನರ ಮುಂದೆ ಆ ಹಾಳೆ ಹಿಡಿದು ಕೂತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಹಾಗಿದೆ.

ಆ ವರ್ಷದ ಓದಿನ ಮಾತು ಬಂತಲ್ಲ, ನಮ್ಮವರೆಲ್ಲ ಇರುವ ಈ ಗ್ರೂಪಿನಲ್ಲಿ ಹೇಳಲೇಬೇಕಾದ್ದು ಒಂದಿದೆ. ಎರಡನೇ ಸಲ ಪಾಸಾಗಿ, ಕೆಲಸ ಸಿಕ್ಕಿ, ಮೊದಲ ಸಂಬಳದಲ್ಲಿ ನಾನು ತೆಗೆದುಕೊಂಡದ್ದು ಸೀರೆ ಅಲ್ಲ. ಇಂಗ್ಲಿಷ್ ಸಾಹಿತ್ಯದ ಆಯ್ದ ಬರಹಗಳ ಒಂದು ದಪ್ಪ ಆಂಥಾಲಜಿ. ಬೈಬಲ್ ಪುಟದಹಾಗೆ ತೆಳ್ಳಗಿನ ಹಾಳೆ. ಅದರ ಅಂಚಿನ ತುಂಬಾ ಪೆನ್ಸಿಲಿನಲ್ಲಿ ಬರೆದಿದ್ದೆ. ನಮಗೆ ಪಾಠ ಮಾಡಿದವರು ವರ್ಷವಿಡೀ ನೋಟ್ಸ್ ಬರೆಸಿದರು, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಮೂರೋ ನಾಲ್ಕೋ. ಬಿಟ್ಟುಹೋದವರನ್ನೆಲ್ಲ ನಾನು ಆ ಪುಸ್ತಕದ ಕೊನೆಯ ಖಾಲಿ ಹಾಳೆಗಳಲ್ಲಿ ಸೇರಿಸುತ್ತಾ ಹೋದೆ. ನಾರ್ವಿಚ್‌ನ ಜೂಲಿಯನ್, ಹೆಣ್ಣು ಬರೆದದ್ದು ಅಂತ ಗೊತ್ತಿದ್ದು ನಮಗೆ ಉಳಿದಿರುವ ಮೊದಲ ಇಂಗ್ಲಿಷ್ ಪುಸ್ತಕ ಅವಳದು. ಮಾರ್ಜರಿ ಕೆಂಪ್, ತನ್ನ ಬದುಕಿನ ಕಥೆಯನ್ನು ಹೇಳಿ ಬರೆಸಿದವಳು. ಆಫ್ರಾ ಬೆನ್, ಪೆನ್ನನ್ನೇ ನಂಬಿ ಹೊಟ್ಟೆ ಹೊರೆದವಳು, 1689ರಲ್ಲಿ ತೀರಿಕೊಂಡಳು. ಜೇನ್ ಆಸ್ಟಿನ್‌ಳ ಮೊದಲ ಕಾದಂಬರಿ 1811ರಲ್ಲಿ ಬಂದಾಗ ಹೆಸರಿನ ಜಾಗದಲ್ಲಿ 'ಒಬ್ಬ ಮಹಿಳೆ' ಅಂತ ಇತ್ತು. ಬ್ರಾಂಟೆ ಅಕ್ಕತಂಗಿಯರು ಕರರ್, ಎಲಿಸ್, ಆಕ್ಟನ್ ಬೆಲ್ ಅಂತ ಹೆಸರು ಬದಲಾಯಿಸಿಕೊಂಡು ಬರೆದರು. ಹೀಗೆ ಒಬ್ಬೊಬ್ಬರನ್ನೂ ಹುಡುಕಿ ಬರೆದಿದ್ದೆ.

ಆ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ನಮ್ಮವರೇ ಒಬ್ಬರು ಎರಡು ದಿನಕ್ಕೆ ಅಂತ ತೆಗೆದುಕೊಂಡು ಹೋದರು. ಹೆಸರು ಹೇಳುವುದಿಲ್ಲ, ಅವರಿಗೆ ಗೊತ್ತು. ಕೇಳಿದಾಗಲೆಲ್ಲ ಹುಡುಕುತ್ತೇನೆ ಅಂದರು. ಆಮೇಲೊಮ್ಮೆ ಅವರ ಮನೆಗೆ ಹೋದಾಗ ಗಾಜಿನ ಕಪಾಟಿನಲ್ಲಿ, ಗಣಪತಿ ಮೂರ್ತಿ ಎತ್ತರಕ್ಕೆ ಬರಲಿ ಅಂತ ಅದರ ಕೆಳಗೆ ನನ್ನ ಪುಸ್ತಕ ಇಟ್ಟಿದ್ದರು. ಕಣ್ಣಿಗೆ ಬಿತ್ತು. ಕೇಳಲು ಬಾಯಿ ಬರಲಿಲ್ಲ, ಅವತ್ತು ಅವರ ಮನೆಯಲ್ಲಿ ಶುಭಕಾರ್ಯ. ಹಿಂದೆ ಇನ್ನೊಂದು ವರ್ಷ ಓದುತ್ತೇನೆ ಅಂದಾಗ "ಕಥೆಪುಸ್ತಕ ಓದಲು ಎಷ್ಟು ವರ್ಷ ಬೇಕಮ್ಮಾ" ಅಂದವರೂ ಅವರೇ. ಈ ಮಾತು ಆಕ್ಸ್‌ಫರ್ಡ್‌ನಲ್ಲೂ ಇತ್ತು. ಇಂಗ್ಲಿಷ್ ಸಾಹಿತ್ಯವನ್ನು ಪ್ರತ್ಯೇಕ ಪದವಿಯಾಗಿ ಓದಿಸುವುದು ಯಾಕೆ ಅಂತ ಅಲ್ಲಿನ ದೊಡ್ಡ ಪ್ರೊಫೆಸರುಗಳೇ ತಕರಾರು ಮಾಡಿದ್ದರು. ಲ್ಯಾಟಿನ್, ಗ್ರೀಕ್ ಓದಿದರೆ ಸಾಕು ಅನ್ನುವ ಕಾಲ. ಅದೆಲ್ಲ ದಾಟಿ ಅಲ್ಲಿ ಈ ವಿಷಯ ಬಂದದ್ದು 1890ರ ದಶಕದಲ್ಲಿ. ಕೇಂಬ್ರಿಜ್‌ನಲ್ಲಿ ಇನ್ನೂ ತಡ, 1917. ಯಾರೂ ತಟ್ಟೆಯಲ್ಲಿ ಇಟ್ಟು ಕೊಡಲಿಲ್ಲ. ಪುಸ್ತಕ ವಾಪಸ್ ಕೊಟ್ಟರೆ ನಾನು ಹಳೆಯದು ಏನೂ ಮಾತಾಡುವುದಿಲ್ಲ. ಅದು ಪುಟ್ಟಿಗೆ ಸೇರಬೇಕು, ಅಷ್ಟೇ.

ಎಲ್ಲಿದ್ದೆ? ಹಾಂ, ಬದಲಾಯಿಸುವುದೋ ಬೇಡವೋ ಅಂತ ಕೇಳಿದ್ದೀಯ.

ಬದಲಾಯಿಸಬೇಡ. ಹೆದರಿಕೆಗೆ ಬಿಡುವುದಾದರೆ ಬೇಡ. ಓದಿದ ಮೇಲೂ ಮನಸ್ಸು ಒಗ್ಗದಿದ್ದರೆ ಆ ಮಾತು ಬೇರೆ. ವಿಷಯ ಬದಲಾಯಿಸಲು ಕೊನೆಯ ದಿನ ಯಾವುದು ಅಂತ ನಾಳೆಯೇ ಆಫೀಸಿನಲ್ಲಿ ಕೇಳಿ ಬರೆದಿಟ್ಟುಕೋ. ಅಲ್ಲಿಯವರೆಗೆ ಎಷ್ಟು ದಿನ ಇದೆಯೋ ಅಷ್ಟು ದಿನ ನಾನು ಹೇಳಿದಹಾಗೆ ಮಾಡಿ ನೋಡಲಿ.

1300 ವರ್ಷ ಪೂರ್ತಿ ಓದು ಅಂತ ಯಾರೂ ಕೇಳುವುದಿಲ್ಲ ಮಗೂ. ಸಿಲಬಸ್ ಹಾಳೆ ತೆಗೆ. ಓದಲೇಬೇಕು ಅಂತ ಕೊಟ್ಟಿರುವ ಪಠ್ಯ ಎಷ್ಟು ಅಂತ ಎಣಿಸು, ನೀನು ಹೆದರಿದಷ್ಟು ಇರುವುದಿಲ್ಲ. ಹಳೆಯ ಪ್ರಶ್ನೆಪತ್ರಿಕೆ ಐದಾರು ಹುಡುಕಿ, ಹೆಸರಿಲ್ಲದ ಸಾಲು ಕೊಟ್ಟು ಬರೆಯಿರಿ ಅನ್ನುವ ಪ್ರಶ್ನೆಗೆ ಎಷ್ಟು ಅಂಕ ಅಂತ ನೋಡು. ಒಂದು ಉದ್ದದ ಹಾಳೆಯನ್ನು ಗೋಡೆಗೆ ಅಂಟಿಸಿ ಒಂದು ಗೆರೆ ಎಳೆ. ಅದರ ಮೇಲೆ ಹತ್ತೇ ಇಸವಿ ಸಾಕು. ಉಳಿದದ್ದು ಓದುತ್ತಾ ಓದುತ್ತಾ ತಾನಾಗಿ ಬಂದು ಸೇರುತ್ತದೆ. ಇಸವಿಯ ಪಕ್ಕ ಕಾರಣವನ್ನೂ ಬರೆ. 1623 ಅಂತ ಬರೆದರೆ, ಷೇಕ್ಸ್‌ಪಿಯರ್‌ನ 36 ನಾಟಕ ಒಟ್ಟಿಗೆ ಅಚ್ಚಾದ ವರ್ಷ, ಅದಾಗದಿದ್ದರೆ 'ಮ್ಯಾಕ್‌ಬೆತ್' ಸೇರಿ ಅರ್ಧದಷ್ಟು ನಾಟಕ ಕಳೆದೇ ಹೋಗುವ ಅಪಾಯವಿತ್ತು ಅಂತ ಬರೆ. ಆಗ ಇಸವಿ ಮರೆಯುವುದಿಲ್ಲ.

ಪ್ರತಿ ಘಟಕ ಶುರು ಮಾಡುವ ಮೊದಲು ಆ ಕಾಲದ್ದು ಒಂದೇ ಒಂದು ಚಿಕ್ಕದನ್ನು ಜೋರಾಗಿ ಓದು. 'ಬೇವುಲ್ಫ್' ಎಂಬ ಹಳೆಯ ಇಂಗ್ಲಿಷಿನ ವೀರಕಾವ್ಯ ಹೊಸ ಇಂಗ್ಲಿಷ್ ಅನುವಾದದಲ್ಲೇ ಸಾಕು, ಎರಡು ಪುಟ. ಅದರ ಒಂದೇ ಒಂದು ಹಸ್ತಪ್ರತಿ ಉಳಿದಿರುವುದು, ಅದೂ 1731ರ ಬೆಂಕಿಯಲ್ಲಿ ಅಂಚು ಸುಟ್ಟು ಹೋಗಿದೆ, ಓದುವಾಗ ಅದು ನೆನಪಿರಲಿ. ಚಾಸರ್‌ನ 'ಕ್ಯಾಂಟರ್ಬರಿ ಟೇಲ್ಸ್' ಪ್ರಸ್ತಾವನೆಯ ಮೊದಲ 18 ಸಾಲು, ಪಕ್ಕದಲ್ಲಿ ಹೊಸ ಇಂಗ್ಲಿಷ್ ಇಟ್ಟುಕೊಂಡು. ಷೇಕ್ಸ್‌ಪಿಯರ್‌ನ ಒಂದು ಸಾನೆಟ್, ಅಂದರೆ 14 ಸಾಲಿನ ಪದ್ಯ. ಮಿಲ್ಟನ್‌ನ ಮೊದಲ 26 ಸಾಲು. ವರ್ಡ್ಸ್‌ವರ್ತ್‌ನ 'ವಿ ಆರ್ ಸೆವೆನ್', ಮಕ್ಕಳಿಗೂ ಅರ್ಥ ಆಗುತ್ತದೆ. ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್'. ಓದಿ, ನಿನಗೆ ಏನು ವಿಚಿತ್ರ ಅನ್ನಿಸಿತು ಅಂತ ನಿನ್ನದೇ ಮಾತಿನಲ್ಲಿ, ಕನ್ನಡದಲ್ಲಾದರೂ ಸರಿ, ನಾಲ್ಕು ಸಾಲು ಬರೆ. ಅದಾದ ಮೇಲೆ ಗೈಡ್ ತೆಗೆ. ಆರು ಲಕ್ಷಣದಲ್ಲಿ ಯಾವುದು ನಿನ್ನ ಪದ್ಯದಲ್ಲಿ ಸಿಕ್ಕಿತು, ಯಾವುದು ಸಿಗಲಿಲ್ಲ ಅಂತ ಗುರುತು ಹಾಕು. ಗೈಡ್ ಎಸೆಯುವುದು ಬೇಡ, ದುಡ್ಡು ಕೊಟ್ಟು ತಂದಿದ್ದೀಯ. ಪರೀಕ್ಷೆಯ ಹಿಂದಿನ ವಾರ ಒಮ್ಮೆ ತಿರುವಿಹಾಕಲು ಆಗುತ್ತದೆ.

ತಂಗೀ, ಅವಳಿಗೆ ಇವತ್ತು ಬೇಗ ಮಲಗಲು ಹೇಳು. ನಾಳೆ ರಾತ್ರಿ ಒಂಬತ್ತಕ್ಕೆ ನಾನೇ ಫೋನ್ ಮಾಡುತ್ತೇನೆ. 'ದಿ ಫ್ಲೀ' ತೆಗೆದಿಟ್ಟುಕೊಂಡಿರಲಿ, 27 ಸಾಲು, ಅಷ್ಟೇ. ಅವಳು ಓದಲಿ, ನಾನು ಕೇಳುತ್ತೇನೆ. ಆ ಚಿಗಟದ ಗತಿ ಕೊನೆಗೆ ಏನಾಯಿತು ಅಂತ ಅವಳೇ ನನಗೆ ಹೇಳಬೇಕು.