‘ಬಿಟ್ ಆರಿಸಿ’ ಅಂದರೆ ಏನು ಮಾಡಬೇಕು? 8051 ಪಾಠದ ಕ್ರಿಯಾಪದಗಳು

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುವ ಹುಡುಗರಿಗಾಗಿ 8051 ಮೈಕ್ರೊಕಂಟ್ರೋಲರ್‌ನ (ಒಂದೇ ಚಿಪ್ಪಿನೊಳಗಿನ ಪುಟ್ಟ ಕಂಪ್ಯೂಟರ್) ಪೋರ್ಟುಗಳ, ಅಂದರೆ ಹೊರಗಿನ ಸಾಧನಗಳನ್ನು ಜೋಡಿಸುವ ಪಿನ್ನುಗಳ ಗುಂಪುಗಳ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನಾಮಪದಗಳದ್ದೇನೂ ತಕರಾರಿಲ್ಲ. ಪೋರ್ಟ್, ಪಿನ್, ರಿಜಿಸ್ಟರ್, ಇಂಟರಪ್ಟ್ ಎಲ್ಲ ಲ್ಯಾಬಿನಲ್ಲಿ ಬಾಯಿಗೆ ರೂಢಿಯಾಗಿವೆ; ಅವನ್ನು ‘ಬಂದರು’, ‘ನೋಂದಣಿ’ ಮಾಡಹೊರಟರೆ ಓದುವವರು ಪುಸ್ತಕ ಮುಚ್ಚಿಡುತ್ತಾರೆ. ಪೇಚು ಇರುವುದು ಕ್ರಿಯಾಪದಗಳಲ್ಲಿ.

ಮೊದಲು ‘ಆರಿಸು’. ಈ ಪಾಠದ ಮೊದಲ ಪ್ರಯೋಗ ಎಲ್ಲ ಕಡೆಯೂ ಒಂದೇ: ಪೋರ್ಟ್ 1ರ ಪಿನ್ನಿಗೆ ಎಲ್‌ಇಡಿ ಜೋಡಿಸಿ ಮಿನುಗಿಸುವುದು. ‘ಸೆಟ್‌ಬಿ’ (SETB) ಸೂಚನೆ ಬಿಟ್ಟನ್ನು, ಅಂದರೆ ಆ ಪಿನ್ನಿನ 0 ಅಥವಾ 1 ಎಂಬ ಬೆಲೆಯನ್ನು 1 ಮಾಡುತ್ತದೆ, ‘ಸಿಎಲ್‌ಆರ್’ (CLR) 0 ಮಾಡುತ್ತದೆ. ಇವನ್ನು ‘ಬಿಟ್ ಹಚ್ಚು’, ‘ಬಿಟ್ ಆರಿಸು’ ಎನ್ನೋಣವೆಂದರೆ ಒಂದು ತೊಡಕಿದೆ. 8051ರ ಪಿನ್ನಿಗೆ ಕರೆಂಟನ್ನು ಹೊರಗೆ ಕೊಡುವ ತಾಕತ್ತು ತೀರಾ ಕಡಿಮೆ, ಒಳಗೆ ಎಳೆದುಕೊಳ್ಳುವ ತಾಕತ್ತು ಹೆಚ್ಚು. ಅದಕ್ಕೇ ಎಲ್‌ಇಡಿಯ ಒಂದು ಕಾಲನ್ನು ರೆಸಿಸ್ಟರ್ ಮೂಲಕ 5 ವೋಲ್ಟಿಗೂ ಇನ್ನೊಂದನ್ನು ಪಿನ್ನಿಗೂ ಕೊಡುವುದು ವಾಡಿಕೆ. ಪಿನ್ 0 ಆದಾಗಲೇ, ಅಂದರೆ ಗ್ರೌಂಡಿಗೆ ಇಳಿದಾಗಲೇ ಅದು ಹತ್ತುವುದು. ಅಂದರೆ ‘ಬಿಟ್ ಆರಿಸಿದರೆ ದೀಪ ಹತ್ತುತ್ತದೆ’!

ಸಾಲದ್ದಕ್ಕೆ ‘ಆರಿಸು’ ಎಂದರೆ ಆಯ್ಕೆ ಮಾಡು ಎಂದೂ ಆಗುತ್ತದೆ. ‘ಮೂರನೆಯ ಬಿಟ್ ಆರಿಸಿ’ ಎಂದರೆ ಹುಡುಗ ಏನು ಮಾಡಬೇಕು? ಮುಂದೆ ಹೆಚ್ಚಿನ ಪೋರ್ಟುಗಳಿಗಾಗಿ 8255 ಎಂಬ ಚಿಪ್ ಸೇರಿಸಿದಾಗ ಇನ್ನೂ ಗೋಜಲು. ಆ ಚಿಪ್ಪನ್ನು ಆಯ್ಕೆ ಮಾಡಲು ಅದರ ಸಿಎಸ್ (ಚಿಪ್ ಸೆಲೆಕ್ಟ್) ಪಿನ್ 0 ಆಗಬೇಕು, ಹಾಗಾಗಿ ‘ಚಿಪ್ ಆರಿಸಲು ಪಿನ್ ಆರಿಸಿ’ ಎಂಬುದು ವ್ಯಾಕರಣದ ಪ್ರಕಾರವೂ ಸರಿ, ಸರ್ಕೀಟಿನ ಪ್ರಕಾರವೂ ಸರಿ, ಓದಿದವರಿಗೆ ಮಾತ್ರ ಅರ್ಥವಾಗುವುದಿಲ್ಲ.

ನನ್ನ ಒಲವು ಹೀಗೆ: ಆಯ್ಕೆಗೆ ‘ಆಯ್ದುಕೊ’, ಬಿಟ್ಟಿಗೆ ಸುಮ್ಮನೆ ‘1 ಮಾಡು, 0 ಮಾಡು’. ಹತ್ತುವುದು, ಆರುವುದು ಎಲ್‌ಇಡಿಗೆ ಮಾತ್ರ. ‘ನಂದಿಸು’ ಎಂದು ಕೆಲವರು ಸೂಚಿಸಬಹುದು, ನನಗೆ ಅದು ಅಗ್ನಿಶಾಮಕ ದಳದವರ ಮಾತಿನ ಹಾಗೆ ಕೇಳಿಸುತ್ತದೆ.

ಎರಡನೆಯದು ‘ಓದು’. ಇದು ಇನ್ನೂ ಕಷ್ಟ. ‘ಮೂವ್ ಎ, ಪಿ1’ (MOV A, P1) ಎಂದರೆ ಪೋರ್ಟ್ 1ರ ಪಿನ್ನುಗಳ ಮೇಲೆ ಆ ಕ್ಷಣ ಇರುವ ವೋಲ್ಟೇಜು 0, 1ಗಳಾಗಿ ‘ಎ’ ಎಂಬ ರಿಜಿಸ್ಟರಿನೊಳಗೆ ಬರುತ್ತದೆ. ‘ಸಿಪಿಎಲ್ ಪಿ1.0’ (CPL P1.0) ಎಂದರೆ ಪಿನ್ನಿನ ಗೊಡವೆಗೇ ಹೋಗದೆ, ಹಿಂದೆ ನಾವೇ ಬರೆದು ಲ್ಯಾಚಿನಲ್ಲಿ (ಬರೆದ ಬಿಟ್ಟನ್ನು ಹಿಡಿದಿಡುವ ಒಳಗಿನ ಸರ್ಕೀಟು) ಉಳಿದ ಬೆಲೆಯನ್ನು ತೆಗೆದು ತಿರುಗಿಸುತ್ತದೆ, ಅಂದರೆ 0 ಇದ್ದರೆ 1, 1 ಇದ್ದರೆ 0 ಮಾಡುತ್ತದೆ. ಎರಡೂ ಬೇರೆಯಾಗಿರಬಹುದು. ಪಿನ್ನನ್ನು ನೇರವಾಗಿ ಟ್ರಾನ್ಸಿಸ್ಟರಿನ ಬೇಸಿಗೆ ಜೋಡಿಸಿ 1 ಬರೆದರೆ ಲ್ಯಾಚಿನಲ್ಲಿ 1 ಇರುತ್ತದೆ, ಆದರೆ ಬೇಸ್ ಸುಮಾರು 0.7 ವೋಲ್ಟಿಗೇ ನಿಲ್ಲುವುದರಿಂದ ಪಿನ್ 0 ಎನ್ನುತ್ತದೆ. ಇನ್ನು ಸ್ವಿಚ್ಚಿನ ಸ್ಥಿತಿ ‘ಓದಲು’ ಮೊದಲು ಆ ಪಿನ್ನಿಗೆ 1 ‘ಬರೆಯಬೇಕು’. 0 ಬರೆದಿಟ್ಟರೆ ಚಿಪ್ಪಿನೊಳಗಿನ ಟ್ರಾನ್ಸಿಸ್ಟರೇ ಪಿನ್ನನ್ನು ಗ್ರೌಂಡಿಗೆ ಎಳೆದು ಕೂತಿರುತ್ತದೆ, ಸ್ವಿಚ್ ಏನೇ ಮಾಡಿದರೂ 0. ಓದಲಿಕ್ಕೆ ಯಾಕೆ ಬರೆಯಬೇಕು ಸಾರ್ ಎಂದು ಹುಡುಗರು ಕೇಳಿಯೇ ಕೇಳುತ್ತಾರೆ.

ಒಂದೊಂದೇ ಬಿಟ್ಟಾಗಿ ಬೈಟುಗಳನ್ನು ಸಾಗಿಸುವ ಸೀರಿಯಲ್ ಪೋರ್ಟಿನ ‘ಎಸ್‌ಬಫ್’ (SBUF) ಅಂತೂ ಹೆಸರು ಒಂದು, ರಿಜಿಸ್ಟರ್ ಎರಡು. ಬರೆದ ಬೈಟು ತಂತಿ ಹಿಡಿದು ಹೊರಗೆ ಹೋಗುತ್ತದೆ. ಓದಿದರೆ ಸಿಗುವುದು ಹೊರಗಿನಿಂದ ಬಂದದ್ದು. ಅಲ್ಲಿ ‘ಕಳಿಸು’, ‘ತೆಗೆದುಕೊ’ ಎಂದು ಬರೆದಿದ್ದೇನೆ.

ಪಿನ್ ‘ನೋಡು’, ಲ್ಯಾಚ್ ‘ಓದು’ ಎಂದು ಭೇದ ಮಾಡಿದರೆ ಹೇಗೆ? ಬರೆದದ್ದನ್ನು ಓದುತ್ತೇವೆ, ಹೊರಗೆ ಇರುವುದನ್ನು ನೋಡುತ್ತೇವೆ. ಲ್ಯಾಬ್ ನಡೆಸುವವರು ಯಾರಾದರೂ ಹೀಗೆ ಬಳಸಿದ್ದೀರಾ? ಹಾಗೆಯೇ ಧಾರವಾಡ, ಮಂಗಳೂರು ಕಡೆಯವರು ಎಲ್‌ಇಡಿ ಆರುವುದಕ್ಕೆ ಮನೆಮಾತಿನಲ್ಲಿ ಏನನ್ನುತ್ತೀರಿ ಎಂದೂ ತಿಳಿಸಿ. ‘ಆಫ್ ಆಗು’ ಬಿಟ್ಟು.