ಪದ ಬೇಕು: ರನ್ ಪೆಟ್ಟಿಗೆಯಲ್ಲಿ ಟೈಪ್ ಮಾಡುವುದು ‘ಆಜ್ಞೆ’ಯೋ, ‘ಕರೆಯೋ ಹೆಸರೋ’?

ಎಲ್ಲರಿಗೂ ನಮಸ್ಕಾರ.

ನಾನು ತಿಪಟೂರಿನಲ್ಲಿ ಸಂಜೆ ಹೊತ್ತು ಕಂಪ್ಯೂಟರ್ ಹೇಳಿಕೊಡುತ್ತೇನೆ. ಕಲಿಯಲು ಬರುವವರಲ್ಲಿ ಕೆಲಸದಲ್ಲಿ ಇರುವವರೇ ಜಾಸ್ತಿ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವರು, ಜೆರಾಕ್ಸ್ ಅಂಗಡಿ ಇಟ್ಟವರು, ಹಾಲಿನ ಡೈರಿಯಲ್ಲಿ ಕೂರುವವರು. ಅವರಿಗೋಸ್ಕರ ಗೋಡೆಗೆ ಅಂಟಿಸಲು ಒಂದು ಹಾಳೆ ಬರೆಯುತ್ತಿದ್ದೇನೆ. ವಿಂಡೋಸ್ ಕೀ ಹಿಡಿದುಕೊಂಡು ಆರ್ ಒತ್ತಿದರೆ ಎಡಗಡೆ ಕೆಳಗೆ ರನ್ ಅನ್ನುವ ಪುಟ್ಟ ಪೆಟ್ಟಿಗೆ ಬರುತ್ತದಲ್ಲ, ಅದರಲ್ಲಿ ಏನು ಟೈಪ್ ಮಾಡಿದರೆ ಯಾವುದು ಬರುತ್ತದೆ ಅಂತ ತಿಳಿಸುವ ಹಾಳೆ. ಮೌಸ್ ಕೈಕೊಟ್ಟ ದಿನ ಇದರಷ್ಟು ಉಪಯೋಗಕ್ಕೆ ಬರುವುದು ಬೇರೊಂದಿಲ್ಲ. ಪಟ್ಟಿ ಮುಗಿದಿದೆ. ತಲೆಬರಹ ಮಾತ್ರ ಖಾಲಿ ಬಿಟ್ಟಿದ್ದೇನೆ, ಯಾಕೆಂದರೆ ಮೂರು ಪದಗಳು ಇನ್ನೂ ಬಗೆಹರಿದಿಲ್ಲ: ರನ್, ಓಪನ್, ಕಮಾಂಡ್.

ರನ್ ಬಗ್ಗೆ ಮೊದಲು ಕೇಳಿದ್ದು ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಅಕ್ಕ. “ಸರ್, ರನ್ ಅಂದ್ರೆ ಓಡು ಅಲ್ವಾ? ಇಲ್ಲಿ ಓಡಬೇಕಾದದ್ದು ಯಾವುದು?” ಅಂದರು. ಸರಿಯಾದ ಪ್ರಶ್ನೆ. ನಮ್ಮ ಮಾತಿನಲ್ಲಿ ಬಸ್ಸು ಓಡುತ್ತದೆ, ಹಿಟ್ಟಿನ ಗಿರಣಿ ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ. ಆದರೆ ಶುರು ಮಾಡುವಾಗ ನಾವು ‘ಓಡಿಸು’ ಅನ್ನುವುದು ಗಾಡಿಗೆ ಮಾತ್ರ. ಉಳಿದದ್ದಕ್ಕೆಲ್ಲ ‘ಹಾಕು’. ಲೈಟ್ ಹಾಕು, ಫ್ಯಾನ್ ಹಾಕು, ತೋಟಕ್ಕೆ ಮೋಟರ್ ಹಾಕು. ಇಷ್ಟು ಒಳ್ಳೆಯ ಮಾತು ಇದ್ದರೂ ಕಂಪ್ಯೂಟರಿಗೆ ಬಂದಾಗ ಅದು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದೆ. ‘ವಿಂಡೋಸ್ ಹಾಕಿಸಬೇಕು’, ‘ಆ ಸಾಫ್ಟ್‌ವೇರ್ ಹಾಕಿಕೊಡಿ’ ಅಂದರೆ ಇನ್‌ಸ್ಟಾಲ್ ಮಾಡುವುದು ಅಂತಲೇ ಅರ್ಥ. ಅದನ್ನು ಈಗ ಬದಲಿಸಲು ಆಗುವುದಿಲ್ಲ.

ಕನ್ನಡಕ್ಕೆ ತಂದ ತಂತ್ರಾಂಶಗಳಲ್ಲಿ ‘ಚಲಾಯಿಸು’ ಅನ್ನುವುದನ್ನು ನೋಡಿದ್ದೇನೆ. ನಾವು ಮತ ಚಲಾಯಿಸುತ್ತೇವೆ, ವಾಹನ ಚಲಾಯಿಸುತ್ತೇವೆ, ಕೆಲವರು ಅಧಿಕಾರ ಚಲಾಯಿಸುತ್ತಾರೆ. ಕ್ಯಾಲ್ಕುಲೇಟರನ್ನು ಯಾರು ಚಲಾಯಿಸುತ್ತಾರೆ? ಪತ್ರಿಕೆಯ ಪದ, ಬಾಯಿಗೆ ಬರುವ ಪದ ಅಲ್ಲ. ಹಾಳೆಯಲ್ಲಿ ‘ರನ್ ಪೆಟ್ಟಿಗೆ’ ಅಂತಲೇ ಬಿಟ್ಟಿದ್ದೇನೆ. ಪರದೆಯ ಮೇಲೆ ಅದೇ ಪದ ಕಾಣುವುದರಿಂದ ಕಲಿಯುವವರಿಗೆ ಗುರುತು ಸಿಗುತ್ತದೆ. ಇದರಲ್ಲಿ ನನಗೆ ಹಟ ಇಲ್ಲ.

ಓಪನ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಬಾಗಿಲು ‘ತೆರೆ’ ಅನ್ನುವುದಿಲ್ಲ, ‘ತೆಗಿ’ ಅನ್ನುತ್ತೇವೆ. ಅಂಗಡಿ ತೆಗೆದರು, ಪುಸ್ತಕ ತೆಗಿ, ಕಣ್ಣು ತೆಗಿ. ಅದೇ ‘ತೆಗಿ’ ಕಿತ್ತುಹಾಕುವುದಕ್ಕೂ ಬರುತ್ತದೆ. ಕಲ್ಲು ತೆಗಿ, ಕಳೆ ತೆಗಿ. ಎದುರಿಗೆ ಇದ್ದರೆ ಯಾವ ತೆಗಿ ಅನ್ನುವುದು ಗೊತ್ತಾಗುತ್ತದೆ. ಫೋನಿನಲ್ಲಿ ಗೊತ್ತಾಗುವುದಿಲ್ಲ.

ಹೋದ ವರ್ಷ ಒಬ್ಬರು ಫೋನ್ ಮಾಡಿ, ಲೆಕ್ಕದ ತಂತ್ರಾಂಶ ತುಂಬಾ ನಿಧಾನ ಆಗಿದೆ, ಏನು ಮಾಡಲಿ ಅಂತ ಕೇಳಿದರು. ನಾನು ಅದರೊಳಗಿನ ಒಂದು ಸೆಟ್ಟಿಂಗ್ ನೋಡಬೇಕಿತ್ತು. “ಮೊದಲು ಆ ಪ್ರೋಗ್ರಾಂ ತೆಗೀರಿ” ಅಂದೆ. ಹತ್ತು ನಿಮಿಷ ಬಿಟ್ಟು ಅವರೇ ಫೋನ್ ಮಾಡಿ “ತೆಗೆದೆ ಸರ್, ಪೂರ್ತಿ ಹೋಯ್ತು, ಈಗ?” ಅಂದರು. ಅವರು ಅದನ್ನು ಅನ್‌ಇನ್‌ಸ್ಟಾಲ್ ಮಾಡಿದ್ದರು. ಲೆಕ್ಕದ ಕಡತಗಳು ಬೇರೆ ಡ್ರೈವಿನಲ್ಲಿ ಇದ್ದದ್ದರಿಂದ ಉಳಿದವು. ಅವರದ್ದೇನೂ ತಪ್ಪಿಲ್ಲ, ನಾನು ಹೇಳಿದ್ದನ್ನೇ ಮಾಡಿದ್ದರು. ಆ ದಿನದಿಂದ ತೆರೆಯುವುದಕ್ಕೆ ‘ತೆರೆ’, ಅಳಿಸುವುದಕ್ಕೆ ‘ತೆಗೆದುಹಾಕು’ ಅಂತ ಬೇರೆ ಬೇರೆ ಮಾಡಿಕೊಂಡಿದ್ದೇನೆ. ಆದರೂ ಬೇಡದ ಪ್ರೋಗ್ರಾಂಗಳನ್ನು ಅಳಿಸುವ ಕಿಟಕಿಯ ಸಾಲು ಬರೆಯುವಾಗ ಪೆನ್ನು ನಿಲ್ಲುತ್ತದೆ. ‘ಎ-ಪಿ-ಪಿ-ಡಬ್ಲ್ಯು-ಐ-ಝಡ್ ಚುಕ್ಕಿ ಸಿ-ಪಿ-ಎಲ್ ತೆಗೆದು, ಬೇಡದ್ದನ್ನು ತೆಗೆಯಿರಿ’ ಅಂತ ಬರೆದರೆ ನಮ್ಮೂರಿನಲ್ಲಿ ಸಹಜವಾದ ಕನ್ನಡ, ಕೆಲಸಕ್ಕೆ ಮಾತ್ರ ಅಪಾಯ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಈ ಎರಡನ್ನೂ ಹೇಗೆ ಬೇರೆ ಮಾಡುತ್ತೀರಿ?

ಇನ್ನು ಕಮಾಂಡ್. ನಾನು ಬರೆಯಲು ಕೂತದ್ದೇ ಇದಕ್ಕಾಗಿ.

ಸಿಗುವ ಪದಗಳೆಲ್ಲ ಸರ್ಕಾರದವು ಇಲ್ಲವೇ ಅರಮನೆಯವು. ‘ಆದೇಶ’ ಅಂದರೆ ಕಚೇರಿಯಿಂದ ಬರುವ ಕಾಗದ. ಶಾಲೆಯ ವ್ಯಾಕರಣದಲ್ಲಿ ಅದಕ್ಕೆ ಇನ್ನೊಂದೇ ಅರ್ಥ, ಮಳೆಕಾಲ ಮಳೆಗಾಲ ಆಗುವ ಆದೇಶ ಸಂಧಿ. ‘ಆಜ್ಞೆ’ ಪುರಾಣದ ಪದ. ‘ಹುಕುಂ’ ಅಂದರೆ ತುಮಕೂರು ಜಿಲ್ಲೆಯ ರೈತರಿಗೆ ಮೊದಲು ನೆನಪಾಗುವುದು ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಉಳುತ್ತಿರುವ ಸರ್ಕಾರಿ ಜಮೀನು ಮತ್ತು ಅದಕ್ಕೆ ಕೊಡುವ ನಮೂನೆ 50, 53, 57ರ ಅರ್ಜಿಗಳು. ‘ಅಪ್ಪಣೆ’ ನನಗೆ ಇಷ್ಟದ ಪದ. ಆದರೆ ಈಗ ಅದು ಹೇಳುವವರ ಪದವಾಗಿ ಉಳಿದಿಲ್ಲ, ಕೇಳುವವರ ಪದವಾಗಿದೆ. ದೇವರ ಮುಂದೆ ಕೂತು ಅಪ್ಪಣೆ ಕೇಳುತ್ತೇವೆ, ಬಲಗಡೆ ಹೂ ಬಿದ್ದರೆ ಅಪ್ಪಣೆ ಆಯಿತು ಅನ್ನುತ್ತೇವೆ. ಕಂಪ್ಯೂಟರಿನ ಮುಂದೆ ಕೂತವರು ಅಪ್ಪಣೆ ಕೇಳುವವರಲ್ಲವಲ್ಲ.

ಹೀಗೆ ಹುಡುಕುತ್ತಾ ಒಂದು ದಿನ ಆ ಪೆಟ್ಟಿಗೆಯ ಮೇಲೆ ಏನು ಬರೆದಿದೆ ಅಂತ ನಿಧಾನವಾಗಿ ಓದಿದೆ. ಇಷ್ಟು ವರ್ಷ ನೋಡಿದ್ದೆ, ಓದಿರಲಿಲ್ಲ. ಪ್ರೋಗ್ರಾಂ, ಫೋಲ್ಡರ್, ಡಾಕ್ಯುಮೆಂಟ್ ಅಥವಾ ಇಂಟರ್ನೆಟ್ ಜಾಗದ ಹೆಸರು ಟೈಪ್ ಮಾಡಿ, ವಿಂಡೋಸ್ ತೆರೆದುಕೊಡುತ್ತದೆ, ಇದು ಅಲ್ಲಿರುವ ಮಾತು. ಹೆಸರು! ಕಮಾಂಡ್ ಅನ್ನುವ ಪದವೇ ಅಲ್ಲಿಲ್ಲ. ತಪ್ಪಾಗಿ ಟೈಪ್ ಮಾಡಿದರೆ ಬರುವ ಸಂದೇಶವೂ ಹಾಗೇ: ವಿಂಡೋಸ್‌ಗೆ ಇದು ಸಿಗಲಿಲ್ಲ, ಹೆಸರು ಸರಿ ಇದೆಯೇ ನೋಡಿ ಅನ್ನುತ್ತದೆ. ಆಜ್ಞೆ ಮೀರಿದರು ಅಂತಲ್ಲ, ಆ ಹೆಸರಿನವರು ಇಲ್ಲಿ ಇಲ್ಲ ಅಂತ. ಅಂದರೆ ನಾವು ಮಾಡುತ್ತಿರುವುದು ಆಜ್ಞೆ ಕೊಡುವ ಕೆಲಸವೇ ಅಲ್ಲ. ಹೆಸರು ಹಿಡಿದು ಕರೆಯುತ್ತಿದ್ದೇವೆ. ಕರೆದದ್ದು ಬರುತ್ತದೆ. ಪಾವಗಡದಿಂದ ಬರುವ ಒಬ್ಬ ಹುಡುಗನಿಗೆ ಮನೆಮಾತು ತೆಲುಗು. ಅವನು ಪಕ್ಕದವನಿಗೆ ಇದನ್ನೇ ಹೇಳಿಕೊಡುತ್ತಾ “ಪಿಲಿಸ್ತೆ ವಸ್ತಾದಿ” ಅಂದದ್ದು ಕಿವಿಗೆ ಬಿತ್ತು. ಕರೆದರೆ ಬರುತ್ತದೆ. ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ಪದ ಇದ್ದೇ ಇದೆ. ಕರೆಯೋ ಹೆಸರು. ರೇಷನ್ ಕಾರ್ಡಿನಲ್ಲಿ ಸಿದ್ದಲಿಂಗಸ್ವಾಮಿ, ಕರೆಯೋದು ಸಿದ್ದ. ಶಾಲೆಯಲ್ಲಿ ಅನ್ನಪೂರ್ಣ, ಕರೆಯೋದು ಪುಟ್ಟಿ. ಕಂಪ್ಯೂಟರಿನ ಒಳಗೂ ಹೀಗೇ. ಮೆನುವಿನಲ್ಲಿ ಕಾಣುವ ‘ಟಾಸ್ಕ್ ಮ್ಯಾನೇಜರ್’ ದಾಖಲೆಯ ಹೆಸರು, ಟಿ-ಎ-ಎಸ್-ಕೆ-ಎಂ-ಜಿ-ಆರ್ ಕರೆಯೋ ಹೆಸರು. ‘ಆನ್-ಸ್ಕ್ರೀನ್ ಕೀಬೋರ್ಡ್’ ದಾಖಲೆಯ ಹೆಸರು, ಓ-ಎಸ್-ಕೆ ಕರೆಯೋ ಹೆಸರು. ಕೀಬೋರ್ಡಿನ ಯಾವುದೋ ಒಂದು ಕೀ ಕೆಟ್ಟಾಗ ಈ ಓ-ಎಸ್-ಕೆ ಬಹಳ ಸಹಾಯಕ್ಕೆ ಬರುತ್ತದೆ. ಅದಕ್ಕೇ ಹಾಳೆಯ ಮೊದಲ ಸಾಲಿನಲ್ಲಿ ಇಟ್ಟಿದ್ದೇನೆ. ಆಮೇಲೆ ಯಾವ ವಿಂಡೋಸ್ ಅಂತ ತೋರಿಸುವ ವಿನ್‌ವರ್, ಅಂದರೆ ಡಬ್ಲ್ಯು-ಐ-ಎನ್-ವಿ-ಇ-ಆರ್. ಇಂಟರ್ನೆಟ್ ಹೋದಾಗ ನೋಡಲು ಎನ್-ಸಿ-ಪಿ-ಎ ಚುಕ್ಕಿ ಸಿ-ಪಿ-ಎಲ್. ಪ್ರಿಂಟರ್, ಮೌಸ್ ತಂಟೆ ಮಾಡಿದರೆ ಡಿ-ಇ-ವಿ-ಎಂ-ಜಿ-ಎಂ-ಟಿ ಚುಕ್ಕಿ ಎಂ-ಎಸ್-ಸಿ.

ಇಲ್ಲಿ ನಮ್ಮ ಅಕ್ಕ ಇನ್ನೊಂದು ತಕರಾರು ತೆಗೆದರು. “ಕರೆಯೋ ಹೆಸರು ಅಂದ್ರೆ ನಾಲಿಗೆಗೆ ಸುಲಭ ಇರಬೇಕು ಅಲ್ವಾ ಸರ್? ಇದೇನು ಎಂಜಿಎಂಟಿ?” ಅದಕ್ಕೂ ಕಾರಣ ಇದೆ. ವಿಂಡೋಸಿಗೂ ಮುಂಚಿನ ಡಾಸ್ ಕಾಲದಲ್ಲಿ ಕಡತದ ಹೆಸರಿಗೆ ಚುಕ್ಕಿಯ ಮುಂಚೆ ಹೆಚ್ಚೆಂದರೆ 8 ಅಕ್ಷರ, ಚುಕ್ಕಿ ಆದಮೇಲೆ 3 ಅಕ್ಷರ ಮಾತ್ರ ಹಿಡಿಸುತ್ತಿತ್ತು. ಅಷ್ಟರಲ್ಲಿ ಮ್ಯಾನೇಜ್‌ಮೆಂಟ್ ಕೂರಬೇಕೆಂದರೆ ಸ್ವರಗಳನ್ನು ಬಿಡಬೇಕು, ಎಂಜಿಎಂಟಿ ಆಗಬೇಕು. 1995ರ ವಿಂಡೋಸ್ ಬಂದಮೇಲೆ ಉದ್ದ ಹೆಸರು ಇಡಬಹುದಾಯಿತು, ಆದರೂ ಆ ರೂಢಿ ಹಾಗೇ ಉಳಿಯಿತು. ಡಿಸ್ಕ್ ನೋಡಿಕೊಳ್ಳುವ ಡಿ-ಐ-ಎಸ್-ಕೆ-ಎಂ-ಜಿ-ಎಂ-ಟಿ ಎಣಿಸಿ ನೋಡಿ, ಸರಿಯಾಗಿ 8.

ಚುಕ್ಕಿಯ ಆಚೆ ಇರುವ ಮೂರು ಅಕ್ಷರಕ್ಕೆ ನಮ್ಮ ಹುಡುಗರು ತಾವಾಗಿಯೇ ಒಂದು ಪದ ಮಾಡಿಕೊಂಡಿದ್ದಾರೆ: ಬಾಲ. “ಬಾಲ ಮರೆತೆ ಸರ್” ಅನ್ನುತ್ತಾರೆ. ಚೆನ್ನಾಗಿದೆ, ಹಾಳೆಗೂ ಅದನ್ನೇ ಹಾಕುತ್ತಿದ್ದೇನೆ. ಸಿ-ಪಿ-ಎಲ್ ಬಾಲ ಇರುವವು ಕಂಟ್ರೋಲ್ ಪ್ಯಾನೆಲ್‌ನವು, ಎಂ-ಎಸ್-ಸಿ ಬಾಲದವು ಮ್ಯಾನೇಜ್‌ಮೆಂಟ್ ಕನ್ಸೋಲ್‌ನವು. ಕ್ಯಾಲ್ಕುಲೇಟರಿಗೂ ಇ-ಎಕ್ಸ್-ಇ ಅನ್ನುವ ಬಾಲ ಇದೆ, ಅದನ್ನು ಹೇಳದಿದ್ದರೂ ನಡೆಯುತ್ತದೆ. ಸಿ-ಪಿ-ಎಲ್ ಬಿಟ್ಟರೆ ಮಾತ್ರ ನಡೆಯುವುದಿಲ್ಲ.

ಫೋನಿನಲ್ಲಿ ಈ ಬಾಲ ಹೇಳುವುದು ಬೇರೆಯೇ ಕಷ್ಟ. ಎಂ ಅಂದರೆ ಎನ್ ಅಂತ ಕೇಳಿಸುತ್ತದೆ, ಪಿ ಅಂದರೆ ಬಿ. ನಾವು ತಾಲ್ಲೂಕುಗಳ ಹೆಸರು ಹಿಡಿದೆವು. ಮಧುಗಿರಿ ಎಂ, ಶಿರಾ ಎಸ್, ಚಿಕ್ಕನಾಯಕನಹಳ್ಳಿ ಸಿ. ಎಂ-ಎಸ್-ಸಿ ಮುಗಿಯಿತು. ಸಿ-ಪಿ-ಎಲ್‌ಗೆ ಚಿಕ್ಕನಾಯಕನಹಳ್ಳಿ, ಪಾವಗಡ, ಆಮೇಲೆ ಎಲ್. ಜಿಲ್ಲೆಯ ಹತ್ತು ತಾಲ್ಲೂಕಿನಲ್ಲಿ ಎಲ್‌ಗೆ ಊರಿಲ್ಲ. ‘ಲಾರಿ ಎಲ್’ ಅಂತ ಮಾಡಿಕೊಂಡೆವು. ಈಗ ಎಲ್ಲರಿಗೂ ಬಾಯಿಗೆ ಬರುತ್ತದೆ.

ಕರೆಯೋ ಹೆಸರು ಅನ್ನುವುದು ಎಲ್ಲ ಕಡೆ ಹೊಂದುವುದಿಲ್ಲ, ಅದನ್ನೂ ಹೇಳಬೇಕು. ಅದೇ ಪೆಟ್ಟಿಗೆಯಲ್ಲಿ ಶಟ್‌ಡೌನ್ ಅಂತ ಟೈಪ್ ಮಾಡಿ, ಜಾಗ ಬಿಟ್ಟು ಓರೆಗೆರೆ (/) ಎಸ್, ಮತ್ತೆ ಜಾಗ ಬಿಟ್ಟು ಓರೆಗೆರೆ ಟಿ, ಮತ್ತೆ ಜಾಗ ಬಿಟ್ಟು 600 ಅಂತ ಕೊಟ್ಟರೆ 600 ಸೆಕೆಂಡ್, ಅಂದರೆ ಹತ್ತು ನಿಮಿಷ ಆದಮೇಲೆ ಕಂಪ್ಯೂಟರ್ ಆರುತ್ತದೆ. ಮನಸ್ಸು ಬದಲಾದರೆ ಶಟ್‌ಡೌನ್ ಆದಮೇಲೆ ಓರೆಗೆರೆ ಎ ಕೊಟ್ಟರೆ ನಿಲ್ಲುತ್ತದೆ. ಇಲ್ಲಿ ಸುಮ್ನೆ ಹೆಸರು ಕೂಗಿಲ್ಲ. ಕರೆದು, ಏನು ಮಾಡಬೇಕು, ಯಾವಾಗ ಮಾಡಬೇಕು ಅಂತಲೂ ಹೇಳಿದ್ದೇವೆ. ಇದಕ್ಕೆ ನಮ್ಮಲ್ಲಿ ‘ಕೆಲಸ ಹೇಳುವುದು’ ಅನ್ನುತ್ತೇವೆ. ಮನೆಯಲ್ಲಿ ಮಕ್ಕಳಿಗೆ ಕೆಲಸ ಹೇಳುತ್ತೇವೆ, ತೋಟದಲ್ಲಿ ಆಳುಗಳಿಗೆ ಕೆಲಸ ಹೇಳುತ್ತೇವೆ. ಆಜ್ಞೆ, ಆದೇಶಕ್ಕಿಂತ ಇದು ಎಷ್ಟೋ ಹತ್ತಿರದ ಮಾತು. ನನ್ನ ತೊಡಕು ಅಂದರೆ ಇದು ಕ್ರಿಯಾಪದ. ‘ಈ ಕಮಾಂಡ್ ಕೊಡಿ’ ಅನ್ನುವ ಕಡೆ ‘ಈ ಕೆಲಸ ಹೇಳಿ’ ಅಂತ ಬರೆದರೆ ಅರ್ಥ ಆಗುತ್ತದೆಯೇ? ‘ಹೇಳಿಕೆ’ ಅಂದರೆ ರಾಜಕಾರಣಿಗಳು ಕೊಡುವುದಾಗುತ್ತದೆ. ಬೇರೆ ನಾಮಪದ ಹೊಳೆದರೆ ತಿಳಿಸಿ.

ಇದು ಹೆಸರೇ ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿದ್ದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ. ಕ್ಯಾಲ್ಕುಲೇಟರಿಗೆ ಡೆಸ್ಕ್‌ಟಾಪ್ ಮೇಲೆ ಒಂದು ಶಾರ್ಟ್‌ಕಟ್ ಮಾಡಿ, ಅದಕ್ಕೆ ಕನ್ನಡದಲ್ಲೇ ‘ಲೆಕ್ಕ’ ಅಂತ ಹೆಸರಿಟ್ಟು, ವಿಂಡೋಸ್ ಫೋಲ್ಡರಿನೊಳಗೆ ಸರಿಸಿದೆ. ಸರಿಸುವಾಗ ಅಡ್ಮಿನಿಸ್ಟ್ರೇಟರ್ ಅನುಮತಿ ಕೇಳುತ್ತದೆ. ಆಮೇಲೆ ರನ್ ಪೆಟ್ಟಿಗೆ ಕರೆದು, ಕೀಬೋರ್ಡನ್ನು ಕನ್ನಡಕ್ಕೆ ತಿರುಗಿಸಿ, ‘ಲೆಕ್ಕ’ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ. ಕ್ಯಾಲ್ಕುಲೇಟರ್ ಬಂತು. ಅಕ್ಕನನ್ನು ಕರೆದು ತೋರಿಸಿದೆ. ಅವರು ತಾವೇ ಮತ್ತೆ ಎರಡು ಸಲ ಟೈಪ್ ಮಾಡಿ ನೋಡಿದರು. ನಾವಿಟ್ಟ ಹೆಸರಿಗೆ ಓಗೊಡುವುದನ್ನು ಆಜ್ಞೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಂದು ಎಚ್ಚರಿಕೆ: ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಸಿ-ಎಂ-ಡಿ ಮುಂತಾದ ಇಂಗ್ಲಿಷ್ ಹೆಸರುಗಳು ಕೆಲಸ ಮಾಡುವುದಿಲ್ಲ, ಸಿ ಒತ್ತಿದರೆ ಕನ್ನಡದ ಅಕ್ಷರ ಬರುತ್ತದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿ ಇಂಗ್ಲಿಷಿಗೆ ತಿರುಗಿಸಿಕೊಳ್ಳಬೇಕು.

ಕೊನೆಗೆ ಒಂದು ಚಿಕ್ಕ ಪ್ರಶ್ನೆ. ‘ವಿಂಡೋಸ್ ಮತ್ತು ಆರ್ ಒಟ್ಟಿಗೆ ಒತ್ತಿ’ ಅಂತ ಬರೆದಿದ್ದೆ. ಹೊಸಬರು ಎರಡನ್ನೂ ಒಂದೇ ಏಟಿಗೆ ತಟ್ಟಿ ಬಿಟ್ಟುಬಿಡುತ್ತಾರೆ, ಸ್ಟಾರ್ಟ್ ಮೆನು ಬಂದು ನಿಲ್ಲುತ್ತದೆ. ಮೊದಲನೆಯದನ್ನು ಬಿಡದೆ ಹಿಡಿದಿರಬೇಕು. ಈಗ ‘ವಿಂಡೋಸ್ ಕೀ ಅಮುಕಿ ಹಿಡ್ಕೊಂಡು, ಆರ್ ಒತ್ತಿ’ ಅಂತ ತಿದ್ದಿದ್ದೇನೆ. ಅಮುಕುವುದು ಅಂದರೆ ನಮ್ಮಲ್ಲಿ ಹಿಡಿದೇ ಇರುವುದು, ಒತ್ತುವುದು ಅಂದರೆ ಒತ್ತಿ ಬಿಡುವುದು. ಈ ವ್ಯತ್ಯಾಸ ನಿಮ್ಮ ಕಡೆಯೂ ಇದೆಯೇ? ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ‘ಅದುಮು’ ಅನ್ನುತ್ತೀರೇನೋ.

ತಲೆಬರಹಕ್ಕೆ ಸದ್ಯ ಪೆನ್ಸಿಲಿನಲ್ಲಿ ‘ಕಂಪ್ಯೂಟರಿನ ಕರೆಯೋ ಹೆಸರುಗಳು’ ಅಂತ ಬರೆದಿದ್ದೇನೆ. ‘ಕರೆಯುವ’ ಅಂತ ತಿದ್ದಬೇಕೋ, ಆಡುವ ಹಾಗೆ ‘ಕರೆಯೋ’ ಅಂತಲೇ ಬಿಡಬೇಕೋ, ನೀವು ಹೇಳಿದ ಮೇಲೆ ಪ್ರಿಂಟ್ ಹಾಕಿಸುತ್ತೇನೆ.